ಕೈಕೆಳಗಿನವರ ಲೆಕ್ಕ

ಮ್ಯಾನೇಜರ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬ್ಯಾಂಕಿನ ಗಾಜಿನ ಕೋಣೆ, ತಿರುಗುವ ಕುರ್ಚಿ, ಮೇಜಿನ ಮೇಲಿನ ಕರೆಗಂಟೆ. ಅಂಥ ಕುರ್ಚಿಯಲ್ಲಿ ಕುಳಿತವರು ನಮ್ಮ ಮನೆಗಳಲ್ಲಿ ಎಷ್ಟು ಮಂದಿ? ಬೆರಳೆಣಿಕೆಯಷ್ಟು. ಆದ್ದರಿಂದ ಆಡಳಿತ, ನಿರ್ವಹಣೆ, ಮೇಲ್ವಿಚಾರಣೆ ಎಂಬ ಮಾತುಗಳು ಕಂಡರೆ ಇದು ಯಾರೋ ದೊಡ್ಡವರ ವಿಷಯವೆಂದು ಪುಟ ಮಗುಚಿಬಿಡುತ್ತೇವೆ. ಪ್ರಿಯ ಓದುಗರೇ, ಮಗುಚುವ ಮುನ್ನ ಒಂದು ಕ್ಷಣ ನಿಲ್ಲಿ. ನಿಮ್ಮ ಮಾತಿನಂತೆ ನಡೆಯಬೇಕಾದವರು ಈ ಜಗತ್ತಿನಲ್ಲಿ ಒಬ್ಬರಾದರೂ ಇದ್ದರೆ, ಇನ್ನೊಬ್ಬರ ಒಂದು ರೂಪಾಯಿಯಾದರೂ ನಿಮ್ಮ ಕೈಯಲ್ಲಿದ್ದರೆ ಈ ಬರಹ ನಿಮಗಾಗಿಯೇ ಇದೆ.

ಪ್ರವಾದಿ ಮುಹಮ್ಮದ್(ಸ) ಪ್ರತಿಯೊಬ್ಬ ಮನುಷ್ಯನನ್ನೂ ಮಂದೆ ಕಾಯುವವನಿಗೆ ಹೋಲಿಸಿದ್ದಾರೆ. ಪ್ರತಿಯೊಬ್ಬನಿಗೂ ಅವನವನ ಮಂದೆಯ ಬಗ್ಗೆ ವಿಚಾರಣೆಯಿದೆ ಎಂದು ಎಚ್ಚರಿಸಿದ್ದಾರೆ. ಆ ವಚನದಲ್ಲಿ ನಾಯಕನ ಪ್ರಸ್ತಾಪ ಮೊದಲು ಬರುತ್ತದೆ ನಿಜ. ಆದರೆ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಮನೆಯ ಯಜಮಾನ ಬರುತ್ತಾನೆ, ಗಂಡನ ಮನೆಯನ್ನೂ ಮಕ್ಕಳನ್ನೂ ನೋಡಿಕೊಳ್ಳುವ ಹೆಂಡತಿ ಬರುತ್ತಾಳೆ, ಕೊನೆಗೆ ಧಣಿಯ ಸೊತ್ತನ್ನು ಕಾಯುವ ಸೇವಕನೂ ಬರುತ್ತಾನೆ. ಆಳುವವನಿಂದ ಆಳಿನವರೆಗೆ ಯಾರನ್ನೂ ಬಿಟ್ಟಿಲ್ಲ. ಸಾಗರದ ಅಡಿಕೆ ಮಂಡಿಯಲ್ಲಿ ನಾಲ್ಕು ಜನ ಹಮಾಲರನ್ನು ಇಟ್ಟುಕೊಂಡವರು, ಹೊಸನಗರದಲ್ಲಿ ಗಾರೆ ಕೆಲಸ ಹಿಡಿಸುವ ಮೇಸ್ತ್ರಿ, ತೀರ್ಥಹಳ್ಳಿಯಲ್ಲಿ ಒಬ್ಬ ಹುಡುಗನೊಂದಿಗೆ ಹಣ್ಣಿನಂಗಡಿ ನಡೆಸುವವರು, ಮಗ ದಮಾಮ್‌ನಿಂದ ಕಳಿಸಿದ ಹಣದಲ್ಲಿ ತಿಂಗಳು ಸಾಗಿಸುವ ತಾಯಿ, ಮಸೀದಿ ಸಮಿತಿಯ ಕೋಶಾಧಿಕಾರಿ, ಇವರೆಲ್ಲರೂ ಈ ವಚನದ ಒಳಗಿದ್ದಾರೆ. ವ್ಯತ್ಯಾಸವೊಂದೇ. ಬ್ಯಾಂಕಿನ ಮ್ಯಾನೇಜರನ ಲೆಕ್ಕ ನೋಡಲು ಮೇಲಿನ ಕಚೇರಿಯಿಂದ ವರ್ಷಕ್ಕೊಮ್ಮೆ ತನಿಖೆಯವರು ಬರುತ್ತಾರೆ. ನಮ್ಮ ಲೆಕ್ಕ ನೋಡಲು ಇಲ್ಲಿ ಯಾರೂ ಬರುವುದಿಲ್ಲ. ಹಾಗೆಂದು ಲೆಕ್ಕವೇ ಇಲ್ಲವೆಂದು ನಾವು ನಂಬಿಕೊಂಡಂತಿದೆ.

ಒಬ್ಬರಿಗೆ ಹೊಣೆ ಒಪ್ಪಿಸುವಾಗ ನಾವು ಏನನ್ನು ನೋಡುತ್ತೇವೆ? 'ನಮ್ಮ ಹುಡುಗ, ಒಳ್ಳೆಯವನು' ಎಂಬಲ್ಲಿಗೆ ನಮ್ಮ ಪರೀಕ್ಷೆ ಮುಗಿಯುತ್ತದೆ. ಕುರ್‌ಆನ್ ಇದಕ್ಕಿಂತ ಹೆಚ್ಚಿನದನ್ನು ಕೇಳುತ್ತದೆ. ಮೂಸಾ(ಅ) ಊರು ಬಿಟ್ಟು ಮದ್‌ಯನ್‌ಗೆ ಬಂದಾಗ ಬಾವಿಯ ಬಳಿ ಇಬ್ಬರು ಹೆಣ್ಣುಮಕ್ಕಳ ಜಾನುವಾರುಗಳಿಗೆ ನೀರು ಕುಡಿಸಿದ ಪ್ರಸಂಗ ಅಲ್‌ಕಸಸ್ ಅಧ್ಯಾಯದಲ್ಲಿದೆ. ಆ ಇಬ್ಬರಲ್ಲೊಬ್ಬಳು ಮನೆಗೆ ಹೋಗಿ, ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳಿ ಎಂದು ತಂದೆಗೆ ಸಲಹೆ ಕೊಡುತ್ತಾಳೆ. ಅವಳು ಕೊಟ್ಟ ಕಾರಣಗಳು ಎರಡು, ಒಂದು ಶಕ್ತಿ, ಇನ್ನೊಂದು ಪ್ರಾಮಾಣಿಕತೆ. ಯೂಸುಫ್(ಅ) ಈಜಿಪ್ಟಿನ ರಾಜನಲ್ಲಿ ಉಗ್ರಾಣಗಳ ಹೊಣೆ ಕೇಳಿದಾಗಲೂ ಎರಡು ಅರ್ಹತೆಗಳನ್ನೇ ಮುಂದಿಟ್ಟರು. ತಾನು ಕಾಪಾಡಬಲ್ಲೆ, ತನಗೆ ಅದರ ತಿಳಿವಳಿಕೆಯೂ ಇದೆ ಎಂದರು. ಬರೀ ಸಜ್ಜನಿಕೆ ಸಾಲುವುದಾಗಿದ್ದರೆ ಅವರಿಗಿಂತ ಸಜ್ಜನ ಯಾರಿದ್ದರು? ಆದರೂ ತಿಳಿವಳಿಕೆಯ ಮಾತೆತ್ತಿದರು. ಏಕೆಂದರೆ ಏಳು ವರ್ಷದ ಸುಭಿಕ್ಷದ ಧಾನ್ಯವನ್ನು ಏಳು ವರ್ಷದ ಬರಕ್ಕೆ ಉಳಿಸಬೇಕಿತ್ತು. ಕಾಳನ್ನು ಒಕ್ಕದೆ ತೆನೆಯಲ್ಲೇ ಬಿಡಿ, ತಿನ್ನಲು ಬೇಕಾದಷ್ಟನ್ನು ಮಾತ್ರ ಬೇರ್ಪಡಿಸಿ ಎಂದು ಅವರು ಮೊದಲೇ ಹೇಳಿದ್ದರು. ಇದು ಕೆಲಸ ಬಲ್ಲವನ ಮಾತು. ಭಕ್ತಿಯಿಂದ ಮಾತ್ರ ಹುಳ ಬೀಳುವುದು ನಿಲ್ಲುವುದಿಲ್ಲ.

ಇದರ ಇನ್ನೊಂದು ಮುಖವನ್ನೂ ನೋಡಿ. ಅಬೂಝರ್(ರ) ಎಂಥ ಸತ್ಯವಂತರೆಂಬುದನ್ನು ಹೇಳಬೇಕಾಗಿಲ್ಲ. ಅವರು ಒಮ್ಮೆ ತಮಗೊಂದು ಅಧಿಕಾರ ಕೊಡಿ ಎಂದಾಗ ಪ್ರವಾದಿ(ಸ) ಅವರ ಹೆಗಲ ಮೇಲೆ ಕೈಯಿಟ್ಟು, ನೀವು ದುರ್ಬಲರು, ಇದು ಅಮಾನತ್, ನಾಳೆ ಅಪಮಾನಕ್ಕೂ ಪಶ್ಚಾತ್ತಾಪಕ್ಕೂ ಕಾರಣವಾಗುವಂಥದ್ದು ಎಂಬರ್ಥದಲ್ಲಿ ತಿಳಿಹೇಳಿ ಕೊಡದೇ ಬಿಟ್ಟರು. ಅಬೂಝರ್(ರ) ಅವರ ಗೌರವ ಅದರಿಂದ ಕುಗ್ಗಲಿಲ್ಲ. ನಮ್ಮಲ್ಲಾದರೆ ಸಮಿತಿಯಲ್ಲಿ ಸ್ಥಾನ ಕೊಡದಿದ್ದಕ್ಕೆ ಮಸೀದಿಯನ್ನೇ ಬದಲಿಸುವವರಿದ್ದಾರೆ! ನಾನು ಮಕ್ಕಳಿಗೆ ಪಾಠ ಹೇಳುವವನು. ತರಗತಿಗೊಬ್ಬ ಲೀಡರನ್ನು ಆರಿಸಿ ಎಂದರೆ ಮಕ್ಕಳು ಗಟ್ಟಿ ಧ್ವನಿಯವನನ್ನು ಆರಿಸುತ್ತಾರೆ. ಒಂದು ವಾರ ಕಳೆದು ಮತ್ತೆ ಕೇಳಿದರೆ ಎಲ್ಲರ ಸೀಮೆಸುಣ್ಣ, ಡಸ್ಟರ್, ಹಾಜರಿ ಪುಸ್ತಕಗಳ ನೆನಪಿಟ್ಟುಕೊಂಡ ಹುಡುಗಿಯ ಹೆಸರು ಹೇಳುತ್ತಾರೆ. ಮಕ್ಕಳಿಗೆ ಒಂದು ವಾರ ಸಾಕಾಗುತ್ತದೆ. ನಮ್ಮ ಸಂಘ ಸಂಸ್ಥೆಗಳಿಗೆ ಹತ್ತು ವರ್ಷವೂ ಸಾಲುವುದಿಲ್ಲ.

ಇನ್ನು ನಮ್ಮ ನೆಲದ್ದೇ ಒಂದು ಉದಾಹರಣೆಗೆ ಬರೋಣ. ಸಾಗರ ತಾಲೂಕಿನ ಕೆಳದಿ ಮತ್ತು ಇಕ್ಕೇರಿ, ಹೊಸನಗರ ತಾಲೂಕಿನ ನಗರ ಅಂದರೆ ಹಿಂದಿನ ಬಿದನೂರು, ತೀರ್ಥಹಳ್ಳಿ ತಾಲೂಕಿನ ಕವಲೇದುರ್ಗ, ಇವೆಲ್ಲವೂ ಒಂದೇ ಅರಸುಮನೆತನಕ್ಕೆ ಸೇರಿದ್ದವು. 1763ರಲ್ಲಿ ಹೈದರಲಿ ಬಿದನೂರನ್ನು ಗೆದ್ದು ಹೈದರ್‌ನಗರವೆಂದು ಕರೆದದ್ದು ನಮ್ಮವರಿಗೆ ಚೆನ್ನಾಗಿ ನೆನಪಿದೆ. ಆದರೆ ಹೈದರನ ಕೈಗೆ ಬಂದ ಆ ಸಿರಿವಂತ ನಾಡನ್ನು ಅದಕ್ಕೆ ನೂರು ವರ್ಷ ಮೊದಲೇ ಕ್ರಮಕ್ಕೆ ತಂದವನು ಕೆಳದಿಯ ಶಿವಪ್ಪನಾಯಕ. 1645ರಿಂದ 1660ರವರೆಗೆ ಆಳಿದ ಅವನು ಭೂಕಂದಾಯ ನಿಗದಿ ಮಾಡಿದ ಬಗೆಯನ್ನು ಮೈಸೂರು ಗೆಜೆಟಿಯರ್ ಬರೆದ ಬಿ.ಎಲ್. ರೈಸ್ ದಾಖಲಿಸಿದ್ದಾರೆ. ಕಂದಾಯ ಇಷ್ಟು ಎಂದು ಅರಮನೆಯಲ್ಲಿ ಕುಳಿತು ಘೋಷಿಸಲು ಅರಸನಿಗೆ ಅಡ್ಡಿಯೇನಿತ್ತು? ಅವನು ಹಾಗೆ ಮಾಡಲಿಲ್ಲ. ಪ್ರತಿ ಹಳ್ಳಿಯಲ್ಲೂ ಒಂದೊಂದು ಬಗೆಯ ಮಣ್ಣಿಗೆ ಒಂದೊಂದು ಗದ್ದೆಯನ್ನು ಆರಿಸಿ, ತನ್ನ ಲೆಕ್ಕದಲ್ಲೇ ಸಾಗುವಳಿ ಮಾಡಿಸಿದ. ಬಿತ್ತಿದ ಬೀಜವೆಷ್ಟು, ತಗಲಿದ ಖರ್ಚೆಷ್ಟು, ಬಂದ ಫಸಲೆಷ್ಟು, ಅದಕ್ಕೆ ಸಿಕ್ಕ ಬೆಲೆಯೆಷ್ಟು ಎಂಬುದನ್ನೆಲ್ಲ ಬರೆದಿಡಿಸಿದ. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಒಟ್ಟು 12 ವರ್ಷ. ಆ ಮೇಲೆ ಸರಾಸರಿ ತೆಗೆದು ಉತ್ಪತ್ತಿಯ ಮೂರನೆಯ ಒಂದು ಪಾಲನ್ನು ಸರಕಾರದ ಭಾಗವೆಂದು ಗೊತ್ತುಮಾಡಿದ. ಇದಕ್ಕೇ ಶಿವಪ್ಪನಾಯಕನ ಶಿಸ್ತು ಎಂದು ಹೆಸರು.

ಈ ಶಬ್ದವನ್ನು ಸ್ವಲ್ಪ ಗಮನಿಸಿ. ಇಲ್ಲಿ ಶಿಸ್ತು ಎಂದರೆ ಕಂದಾಯದ ನಿಗದಿ. ನಾವು ಇಂದು ಶಿಸ್ತು ಎಂದರೆ ಸಾಲಾಗಿ ನಿಲ್ಲುವುದು, ಬಾಯಿ ಮುಚ್ಚಿ ಕೂರುವುದು, ಮೇಲಿನವರು ಗದರಿದಾಗ ನಡುಗುವುದು ಎಂದು ತಿಳಿದಿದ್ದೇವೆ. ಶಿವಪ್ಪನಾಯಕನ ಶಿಸ್ತಿನಲ್ಲಿ ಮೊದಲು ಕಟ್ಟಿಗೆ ಒಳಗಾದವನು ಆಜ್ಞೆ ಮಾಡುವವನೇ. ಇನ್ನೊಬ್ಬನಿಂದ ಎಷ್ಟು ಕೇಳಬಹುದೆಂದು ತಿಳಿಯಲು ಅವನು ತನ್ನ ಬೀಜವನ್ನು ಮಣ್ಣಿಗೆ ಹಾಕಿ 12 ಮಳೆಗಾಲ ಕಾದ.

ನಾವು ಎಷ್ಟು ಕಾಯುತ್ತೇವೆ? ಅಂಗಡಿಯ ಹುಡುಗ ದಿನಕ್ಕೆ ಎಷ್ಟು ಮೂಟೆ ಇಳಿಸಬಲ್ಲ ಎಂಬುದು ಒಂದು ಮೂಟೆಯನ್ನೂ ಎತ್ತದ ಧಣಿಗೆ ಹೇಗೆ ಗೊತ್ತಾಗಬೇಕು? ಸೊಸೆ ಬೆಳಗಿನಿಂದ ಎಷ್ಟು ಸಲ ಬಾವಿಗೂ ಒಲೆಗೂ ನಡೆದಳೆಂಬುದು ಚಾವಡಿಯಲ್ಲಿ ಕುಳಿತು ಚಹಾ ತಡವಾಯಿತೆನ್ನುವವರಿಗೆ ತಿಳಿದಿದೆಯೇ? ಕೈಕೆಳಗಿನವರ ಮೇಲೆ ತಾಳಲಾರದ ಭಾರ ಹೊರಿಸಬೇಡಿ, ಹೊರಿಸಿದರೆ ನೀವೂ ಕೈ ಹಾಕಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಕೈ ಹಾಕಿದವನಿಗೆ ಮಾತ್ರ ಭಾರದ ಅಳತೆ ಸಿಗುತ್ತದೆ. ನಮ್ಮ ಕಡೆ ಖೇಣಿ ಹಿಡಿಯುವವರಿಗೆ ಇದು ಬೇಗ ಅರ್ಥವಾಗುತ್ತದೆ. ತೋಟದೊಳಗೆ ಹೋಗಿ ಮರಮರದ ಕೊನೆ ನೋಡಿ ಲೆಕ್ಕ ಹಾಕಿದವನು ಉಳಿದುಕೊಳ್ಳುತ್ತಾನೆ, ರಸ್ತೆಯಲ್ಲಿ ನಿಂತು ಅಂದಾಜು ಕಟ್ಟಿದವನು ಸಾಲಗಾರನಾಗುತ್ತಾನೆ. (ಫಲ ಪಕ್ವವಾಗುವ ಲಕ್ಷಣ ಕಾಣುವ ಮೊದಲೇ ಮಾರುವುದನ್ನು ಪ್ರವಾದಿ(ಸ) ತಡೆದಿದ್ದಾರೆ. ಖೇಣಿಯ ಕರಾರು ಮಾಡುವವರು ಅದರ ಸಮಯ ಮತ್ತು ಷರತ್ತುಗಳನ್ನು ಉಲಮಾಗಳಲ್ಲಿ ಕೇಳಿಕೊಂಡೇ ಮುಂದುವರಿಯುವುದು ಲೇಸು.)

ಅಳತೆಯ ಮಾತು ಬಂತು. ಸಾಗರದ ಪಕ್ಕದ ಕಾಗೋಡನ್ನು ನೆನೆಯದೆ ಈ ವಿಷಯ ದಾಟುವಂತಿಲ್ಲ. 1951ರಲ್ಲಿ ಅಲ್ಲಿನ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಅಸಮಾಧಾನಗಳು ಹಲವಿದ್ದವು, ಆದರೆ ಕಿಡಿ ಹೊತ್ತಿದ್ದು ಒಂದು ಕೊಳಗದಿಂದ. ಗೇಣಿಯ ಭತ್ತ ಅಳೆದುಕೊಳ್ಳುವ ಧಣಿಗಳ ಕೊಳಗ ಇರಬೇಕಾದದ್ದಕ್ಕಿಂತ ದೊಡ್ಡದಾಗಿತ್ತು. ಕೊಳಗವೊಂದಕ್ಕೆ ಹೆಚ್ಚಾಗುತ್ತಿದ್ದುದು ಸ್ವಲ್ಪವೇ. ಆದರೆ ವರ್ಷದ ಗೇಣಿಯನ್ನೆಲ್ಲ ಅದರಲ್ಲೇ ಅಳೆಯುವಾಗ ಆ ಸ್ವಲ್ಪವೇ ಒಂದು ಸಂಸಾರದ ಅನ್ನವಾಗುತ್ತಿತ್ತು. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿಗಳು ಬೆಂಬಲಿಸಿದರು, ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದೆ 1974ರ ಭೂಸುಧಾರಣೆಯವರೆಗೆ ಈ ನಾಡಿನಲ್ಲಿ ಕಾಗೋಡಿನ ಹೆಸರು ಕೇಳುತ್ತಲೇ ಇತ್ತು. ಕುರ್‌ಆನಿನಲ್ಲಿ ಅಲ್‌ಮುತಫ್ಫಿಫೀನ್ ಎಂಬ ಅಧ್ಯಾಯವೇ ಇದೆ. ತಾನು ಪಡೆಯುವಾಗ ತುಂಬ ಅಳೆದುಕೊಂಡು, ಇನ್ನೊಬ್ಬರಿಗೆ ಕೊಡುವಾಗ ಕಡಿಮೆ ಮಾಡುವವರಿಗೆ ಅದರ ಮೊದಲ ಶಬ್ದದಲ್ಲೇ ವಿನಾಶದ ಎಚ್ಚರಿಕೆಯಿದೆ. ನಮಾಝಿನಲ್ಲಿ ನಾವದನ್ನು ಎಷ್ಟೋ ಸಲ ಕೇಳಿದ್ದೇವೆ. ಕೇಳಿ ಹೊರಗೆ ಬಂದು ಡಬ್ಬದ ಲೆಕ್ಕದಲ್ಲಿ ಅಡಿಕೆ ಸುಲಿಯುವ ಹೆಂಗಸಿಗೆ, ಡಬ್ಬ ಗೋಪುರವಾಗುವ ತನಕ ತುಂಬು ಎನ್ನುತ್ತೇವೆ! ರಾಶಿ ಅಡಿಕೆಯ ಚೀಲದ ನಡುವೆ ಗೊರಬಲು ಸೇರಿಸಿ ಬಾಯಿ ಹೊಲಿಯುತ್ತೇವೆ. ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಪ್ರವಾದಿ(ಸ) ಕೈಯಿಟ್ಟಾಗ ಬೆರಳಿಗೆ ತೇವ ತಗಲಿತು. ಮೋಸಗಾರ ತಮ್ಮವನಲ್ಲ ಎಂದು ಅವರು ಆ ವ್ಯಾಪಾರಿಗೆ ಹೇಳಿದ್ದು ಅಂದೇ. ಅವರ ಕೈ ನಮ್ಮ ಚೀಲದೊಳಗೆ ಬಂದರೆ ಏನು ತಗಲೀತು?

ಕೂಲಿಯ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ, ಅದರ ಕಟ್ಟಳೆ ಅಷ್ಟು ಸ್ಪಷ್ಟವಾಗಿದೆ. ಬೆವರು ಆರುವ ಮೊದಲೇ ಕೊಡಬೇಕು. ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತಿಮ ದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುವನೆಂದು ಹದೀಸಿನಲ್ಲಿ ಬಂದಿದೆ. ನಾಡಿದ್ದು ಬಾ, ಸಂತೆಯ ದಿನ ಬಾ, ಅಡಿಕೆಗೆ ರೇಟು ಬರಲಿ ಎಂದು ಕೆಲಸದವನನ್ನು ನಾಲ್ಕು ಸಲ ನಡೆಸುವವರು ಆ ನಾಲ್ಕು ನಡೆಗಳಿಗೂ ಉತ್ತರ ಹುಡುಕಿಟ್ಟುಕೊಳ್ಳಬೇಕಾದೀತು. ಕೈಯಲ್ಲಿ ಹಣವಿಲ್ಲದಿದ್ದರೆ ಕೆಲಸಕ್ಕೆ ಕರೆಯುವ ಮೊದಲೇ ಹೇಳಬೇಕು. ಅವನು ಒಪ್ಪಿ ಬಂದರೆ ಅದು ಕರಾರು, ತಿಳಿಸದೆ ದುಡಿಸಿಕೊಂಡರೆ ಅದು ವಂಚನೆ.

ಈಗ ನನ್ನ ಮನಸ್ಸಿಗೆ ಅತಿ ಭಾರವೆನಿಸುವ ಮಾತಿಗೆ ಬರುತ್ತೇನೆ. ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತ ಯಾವುದರ ಬಗ್ಗೆ ಇದೆ ಬಲ್ಲಿರಾ? ನಮಾಝಿನ ಬಗ್ಗೆ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಅಲ್‌ಬಕರ ಅಧ್ಯಾಯದ 282ನೆಯ ಆ ಸೂಕ್ತ ಸಾಲವನ್ನು ಬರೆದಿಡುವುದರ ಕುರಿತಾಗಿದೆ. ಅವಧಿ ಗೊತ್ತುಮಾಡಿ ಬರೆಯಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಹೇಳಿ ಬರೆಯಿಸುವವನು ಸಾಲ ಪಡೆದವನಾಗಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದು ಎಂದು ಅಲ್ಲಾಹನು ಒಂದೊಂದಾಗಿ ಕಲಿಸಿದ್ದಾನೆ. ಸೃಷ್ಟಿಕರ್ತನು ಇಷ್ಟು ವಿವರವಾಗಿ ಹೇಳಿದ್ದನ್ನು ನಾವು ಅವಮಾನವೆಂದು ಭಾವಿಸುತ್ತೇವೆ. ಅಣ್ಣತಮ್ಮಂದಿರ ನಡುವೆ ಕಾಗದವೇ? ಮಾವನಿಗೆ ಕೊಟ್ಟ ಹಣಕ್ಕೆ ಸಾಕ್ಷಿಯೇ? ನನ್ನ ಮೇಲೆ ನಂಬಿಕೆ ಇಲ್ಲವೇ?

ಇದರ ಫಲವನ್ನು ನಮ್ಮ ಮೂರು ತಾಲೂಕುಗಳ ಯಾವ ಪೇಟೆಯಲ್ಲಾದರೂ ನೋಡಬಹುದು. ತಂದೆ ಒಂದು ಅಂಗಡಿ ಕಟ್ಟುತ್ತಾರೆ. ಹಿರಿಯ ಮಗ ಓದು ಬಿಟ್ಟು ಗಲ್ಲದಲ್ಲಿ ಕೂರುತ್ತಾನೆ. ಕಿರಿಯವನು ಕೊಲ್ಲಿ ದೇಶದಿಂದ ಹಣ ಕಳಿಸುತ್ತಾನೆ. ಆ ಹಣದಲ್ಲಿ ಅಂಗಡಿಗೆ ಸರಕು ಬರುತ್ತದೆ, ತಂಗಿಯ ಮದುವೆಯಾಗುತ್ತದೆ, ಮನೆಗೆ ತಾರಸಿ ಏಳುತ್ತದೆ. ಎಲ್ಲರೂ ಸಂತೋಷವಾಗಿದ್ದಾರೆ, ಯಾರೂ ಏನನ್ನೂ ಬರೆದಿಲ್ಲ. ತಂದೆ ಕಣ್ಣುಮುಚ್ಚುತ್ತಾರೆ. ಅಂಗಡಿ ನನ್ನ ದುಡಿಮೆ ಎಂದು ಒಬ್ಬ, ನನ್ನ ಹಣ ಎಂದು ಇನ್ನೊಬ್ಬ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂಬುದೇ ಇಲ್ಲಿನ ದುಃಖ. ಕಿರಿಯವನು ಕಳಿಸಿದ್ದು ಸಾಲವೋ, ಪಾಲು ಬಂಡವಾಳವೋ, ತಾಯ್ತಂದೆಯರಿಗೆ ಕೊಟ್ಟ ಕಾಣಿಕೆಯೋ? ಅಣ್ಣ ಪಡೆದದ್ದು ಸಂಬಳವೋ, ಲಾಭದ ಪಾಲೋ? ಉತ್ತರ ಗೊತ್ತಿದ್ದ ಒಬ್ಬರು ಕಬರಿನಲ್ಲಿದ್ದಾರೆ. ಇದರ ನಡುವೆ ತಂಗಿಯ ಪಾಲಿನ ಮಾತನ್ನು ಎತ್ತುವವರೇ ಇಲ್ಲ. ಕುರ್‌ಆನ್ ಗೊತ್ತುಪಡಿಸಿದ ಆ ಹಕ್ಕನ್ನು ಮದುವೆಯ ಖರ್ಚಿನಲ್ಲಿ ಸೇರಿಹೋಯಿತೆಂದು ಇಬ್ಬರು ಅಣ್ಣಂದಿರೂ ಒಮ್ಮತದಿಂದ ಹೇಳುತ್ತಾರೆ, ಅವರಿಬ್ಬರ ನಡುವೆ ಉಳಿದಿರುವ ಒಮ್ಮತ ಅದೊಂದೇ! ಪೆರ್ನಾಳ್ ದಿನ ಒಂದೇ ಸಾಲಿನಲ್ಲಿ ನಮಾಝ್ ಮಾಡಿ ಬೇರೆ ಬೇರೆ ಬಾಗಿಲಿನಿಂದ ಹೊರಬೀಳುವ ಸಹೋದರರನ್ನು ನೀವೂ ಕಂಡಿರಬೇಕು. ಅವರಲ್ಲಿ ಪ್ರೀತಿ ಕಡಿಮೆಯಿತ್ತೆಂದು ನಾನು ಹೇಳಲಾರೆ. ಇಲ್ಲದಿದ್ದುದು ಎರಡು ರೂಪಾಯಿಯ ಒಂದು ನೋಟುಪುಸ್ತಕ.

ಈಗ ಹಣವೆಲ್ಲ ಮೊಬೈಲಿನಲ್ಲಿ ಹೋಗುತ್ತದೆ, ದಾಖಲೆ ತಾನಾಗಿ ಉಳಿಯುತ್ತದಲ್ಲ ಎನ್ನುವವರಿದ್ದಾರೆ. ಹಣ ಹೋದ ದಿನ ಉಳಿಯುತ್ತದೆ, ಮೊತ್ತ ಉಳಿಯುತ್ತದೆ. ಏಕೆ ಕೊಟ್ಟದ್ದು, ಯಾವ ಷರತ್ತಿನ ಮೇಲೆ, ಯಾವಾಗ ಮರಳಿಸಬೇಕು ಎಂಬುದನ್ನು ಮೊಬೈಲ್ ಹೇಳುವುದಿಲ್ಲ. ಕುರ್‌ಆನ್ ಬರೆಯಲು ಹೇಳಿದ್ದು ಅದನ್ನೇ.

ಸಾರ್ವಜನಿಕ ಸೊತ್ತಿನ ವಿಷಯದಲ್ಲಂತೂ ಇದು ಇನ್ನೂ ಸೂಕ್ಷ್ಮ. ಝಕಾತ್ ಸಂಗ್ರಹಕ್ಕೆ ನೇಮಕಗೊಂಡಿದ್ದ ಇಬ್ನುಲ್ ಲುತ್ಬಿಯ್ಯ ಎಂಬವರು ಮರಳಿ ಬಂದು ಹಣವನ್ನು ಎರಡು ಪಾಲು ಮಾಡಿ, ಇದು ನಿಮ್ಮದು, ಇದು ನನಗೆ ಸಿಕ್ಕ ಉಡುಗೊರೆ ಎಂದರು. ಪ್ರವಾದಿ(ಸ) ಮಿಂಬರ್ ಏರಿ ಆಕ್ಷೇಪಿಸಿದರು. ಅವರು ತಮ್ಮ ತಂದೆಯ ಮನೆಯಲ್ಲೋ ತಾಯಿಯ ಮನೆಯಲ್ಲೋ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂಬುದು ಅವರ ಪ್ರಶ್ನೆಯ ಸಾರ. ಮಸೀದಿಯ ಅಂಗಡಿ ಮಳಿಗೆಯನ್ನು ಹಳೆಯ ಬಾಡಿಗೆಗೇ ಉಳಿಸಿಕೊಟ್ಟದ್ದಕ್ಕೆ ಮನೆಗೆ ಬಂದ ಹಣ್ಣಿನ ಬುಟ್ಟಿ, ಕಟ್ಟಡದ ಗುತ್ತಿಗೆ ಕೊಡಿಸಿದ್ದಕ್ಕೆ ಸಿಕ್ಕ ರಿಯಾಯಿತಿಯ ಸಿಮೆಂಟು, ಇವುಗಳ ಮುಂದೆ ಆ ಪ್ರಶ್ನೆಯನ್ನು ಇಟ್ಟುಕೊಳ್ಳಿ. ಎಷ್ಟೋ ಊರುಗಳಲ್ಲಿ ಜುಮಾದ ನಂತರ ಕಳೆದ ತಿಂಗಳ ಜಮಾಖರ್ಚನ್ನು ಓದಿ ಹೇಳುವ ಪದ್ಧತಿಯಿದೆ. ಬಲು ಒಳ್ಳೆಯ ಪದ್ಧತಿ. ನಿಮ್ಮ ಜಮಾಅತ್‌ನಲ್ಲಿ ಅದು ಇಲ್ಲದಿದ್ದರೆ ಕೇಳಿ. ಕೇಳುವುದನ್ನು ಸಂಶಯವೆಂದು ಯಾರೂ ತಿಳಿಯಬಾರದು. ಪ್ರಾಂತಗಳಿಗೆ ಅಧಿಕಾರಿಗಳನ್ನು ಕಳಿಸುವಾಗ ಹಝ್ರತ್ ಉಮರ್(ರ) ಅವರ ಆಸ್ತಿಯನ್ನು ಮೊದಲೇ ಬರೆಸಿಟ್ಟುಕೊಳ್ಳುತ್ತಿದ್ದರು. ಆ ಅಧಿಕಾರಿಗಳು ಪ್ರವಾದಿಯವರ(ಸ) ಸಂಗಾತಿಗಳಾಗಿದ್ದರು, ನಮ್ಮ ನಿಮ್ಮಂಥವರಲ್ಲ.

ಸಮಯದ ಬಗ್ಗೆ ಅಡಿಕೆ ಬೆಳೆಯುವ ನಾಡಿನವರಿಗೆ ಉಪನ್ಯಾಸ ಬೇಕಿಲ್ಲ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು. ಬೋರ್ಡೋ ದ್ರಾವಣದ ಈ ಲೆಕ್ಕ ಎಲ್ಲರಿಗೂ ಗೊತ್ತು. ಆದರೂ ಕೊಳೆರೋಗ ಬಂದಾಗ ಒಬ್ಬರ ತೋಟ ಉಳಿದು ಪಕ್ಕದ್ದು ಉದುರುವುದೇಕೆ? ಒಬ್ಬರು ಮಳೆ ಹಿಡಿಯುವ ಮುಂಚೆ ಹೊಡೆದು, ನಲವತ್ತು ದಿನಕ್ಕೆ ಬಿಸಿಲಿನ ಹೊಳವು ನೋಡಿ ಮತ್ತೆ ಹೊಡೆದಿದ್ದರು. ಇನ್ನೊಬ್ಬರು ಉದುರಿದ ಕಾಯಿ ಕಂಡ ಮೇಲೆ ದೋಟಿ ಹುಡುಕಿದರು. ದಿನಕ್ಕೆ ಐದು ಸಲ ಗೊತ್ತಾದ ವೇಳೆಗೆ ಎದ್ದು ನಿಲ್ಲುವ ಸಮುದಾಯ ಮದುವೆಗೆ ಎರಡು ಗಂಟೆ, ಸಭೆಗೆ ಒಂದು ಗಂಟೆ ತಡವಾಗಿ ಬರುವುದು ಹೇಗೆ ಸಾಧ್ಯವಾಯಿತೋ ನನಗೆ ಇನ್ನೂ ಬಗೆಹರಿದಿಲ್ಲ.

ಜನರನ್ನು ನಡೆಸಿಕೊಳ್ಳುವುದು ಇವೆಲ್ಲಕ್ಕಿಂತ ಕಷ್ಟದ ವಿದ್ಯೆ. ಅನಸ್(ರ) ಬಾಲಕನಾಗಿದ್ದಾಗಿನಿಂದ ಹತ್ತು ವರ್ಷ ಪ್ರವಾದಿಯವರ(ಸ) ಸೇವೆಯಲ್ಲಿದ್ದರು. ಅಷ್ಟು ಕಾಲದಲ್ಲಿ ಅವರ ಬಾಯಿಂದ ಛೀ ಎಂಬ ಒಂದು ಶಬ್ದವನ್ನೂ ಕೇಳಲಿಲ್ಲ, ಇದನ್ನೇಕೆ ಮಾಡಿದೆ, ಅದನ್ನೇಕೆ ಬಿಟ್ಟೆ ಎಂದೂ ಕೇಳಿಸಿಕೊಳ್ಳಲಿಲ್ಲ ಎಂದು ಅವರು ಮುಂದೆ ನೆನೆದಿದ್ದಾರೆ. ಹುಡುಗರನ್ನು ಕೆಲಸಕ್ಕಿಟ್ಟುಕೊಂಡವರು ಇದನ್ನು ಒಂದು ದಿನದ ಮಟ್ಟಿಗಾದರೂ ಪ್ರಯತ್ನಿಸಿ ನೋಡಿ, ಎಷ್ಟು ಕಷ್ಟವೆಂಬುದು ತಿಳಿದೀತು. ಒಬ್ಬರ ತಪ್ಪು ಕಿವಿಗೆ ಬಿದ್ದರೆ ಪ್ರವಾದಿ(ಸ) ಸಭೆಯಲ್ಲಿ ಅವರ ಹೆಸರೆತ್ತುತ್ತಿರಲಿಲ್ಲ, ಕೆಲವರು ಹೀಗೇಕೆ ಮಾಡುತ್ತಾರೆ ಎಂದು ಸಾಮಾನ್ಯವಾಗಿ ಕೇಳುತ್ತಿದ್ದರು. ತಪ್ಪಿತಸ್ಥನಿಗೆ ತಿಳಿಯುತ್ತಿತ್ತು, ಅವನ ಮಾನವೂ ಉಳಿಯುತ್ತಿತ್ತು. ಗಿರಾಕಿಗಳ ಮುಂದೆ ಹುಡುಗನ ಮಾನ ಕಳೆಯುವ ಧಣಿ, ನೆಂಟರ ಮುಂದೆ ಮಗಳ ಅಡಿಗೆಯನ್ನು ಹಳಿಯುವ ತಾಯಿ, ವಾಟ್ಸಪ್ ಗುಂಪಿನಲ್ಲಿ ಸದಸ್ಯರ ಹೆಸರು ಹಾಕಿ ಚಂದಾ ಬಾಕಿ ಕೇಳುವ ಕಾರ್ಯದರ್ಶಿ ಇದನ್ನು ಗಮನಿಸಬೇಕು.

ಸಲಹೆ ಕೇಳಿದರೆ ಸಣ್ಣವನಾಗುತ್ತೇನೆಂಬ ಭಯವೂ ನಮಗಿದೆ. ಹಿಜರಿ 6ರಲ್ಲಿ ಹುದೈಬಿಯ್ಯದ ಒಪ್ಪಂದವಾದಾಗ ಉಮ್ರಾ ಮಾಡದೆ ಮರಳಬೇಕಾದ ದುಃಖದಿಂದ ಸಹಾಬಿಗಳು ದಿಙ್ಮೂಢರಾಗಿದ್ದರು. ಎದ್ದು ಬಲಿ ಕೊಡಿ, ತಲೆ ಬೋಳಿಸಿಕೊಳ್ಳಿ ಎಂದು ಪ್ರವಾದಿ(ಸ) ಮೂರು ಸಲ ಹೇಳಿದರೂ ಯಾರೂ ಏಳಲಿಲ್ಲ. ಅವರು ಡೇರೆಯೊಳಗೆ ಹೋಗಿ ಪತ್ನಿ ಉಮ್ಮು ಸಲಮಾ(ರ) ಅವರಿಗೆ ಇದನ್ನು ಹೇಳಿಕೊಂಡರು. ಯಾರೊಡನೆಯೂ ಮಾತಾಡದೆ ಹೊರಗೆ ಹೋಗಿ ನಿಮ್ಮ ಒಂಟೆಯನ್ನು ಬಲಿ ಕೊಡಿ, ಕ್ಷೌರಿಕನನ್ನು ಕರೆಯಿರಿ ಎಂದು ಆಕೆ ಸಲಹೆ ಕೊಟ್ಟರು. ಅವರು ಹಾಗೆಯೇ ಮಾಡಿದರು. ನೋಡಿದ ಕೂಡಲೇ ಎಲ್ಲರೂ ಎದ್ದರು. ಮೂರು ಸಲ ಹೇಳಿ ಆಗದ ಕೆಲಸ ಒಂದು ಸಲ ಮಾಡಿ ತೋರಿಸಿದ್ದರಿಂದ ಆಯಿತು, ಅದನ್ನು ಸೂಚಿಸಿದವರು ಮನೆಯಾಕೆ. ನಮ್ಮ ಎಷ್ಟು ಮನೆಗಳಲ್ಲಿ ಅಂಗಡಿಯ ಸಾಲವೆಷ್ಟೆಂದು ಹೆಂಡತಿಗೆ ಗೊತ್ತಿದೆ? ಖದೀಜಾ(ರ) ಮಕ್ಕದ ವ್ಯಾಪಾರಿಯಾಗಿದ್ದರು. ಯುವಕ ಮುಹಮ್ಮದರ ಪ್ರಾಮಾಣಿಕತೆಯನ್ನು ವಿಚಾರಿಸಿ ತಿಳಿದು, ಇತರರಿಗಿಂತ ಹೆಚ್ಚಿನ ಪ್ರತಿಫಲ ಗೊತ್ತುಮಾಡಿ, ಜೊತೆಗೆ ಮೈಸರಾ ಎಂಬ ಸೇವಕನನ್ನೂ ಕೊಟ್ಟು ಸಿರಿಯಾಕ್ಕೆ ಸರಕು ಕಳಿಸಿದವರು ಅವರು. ವಿಚಾರಿಸುವುದು, ಸರಿಯಾದ ಕೂಲಿ ಕೊಡುವುದು, ವರದಿ ತರಿಸಿಕೊಳ್ಳುವುದು, ಇಂದು ದುಬಾರಿ ಶುಲ್ಕ ಕೊಟ್ಟು ಕಾಲೇಜುಗಳಲ್ಲಿ ಕಲಿಯುವುದು ಇದನ್ನೇ ಅಲ್ಲವೇ?

ಕೊನೆಯದಾಗಿ, ಬಿಟ್ಟುಕೊಡುವ ಅಭ್ಯಾಸ. ಎಪ್ಪತ್ತು ದಾಟಿದರೂ ಗಲ್ಲದ ಕೀಲಿಯನ್ನು ಸೊಂಟದಿಂದ ತೆಗೆಯದ ಹಿರಿಯರು, ಕಡತಗಳನ್ನು ತಮ್ಮ ಮನೆಯ ಕಪಾಟಿನಲ್ಲೇ ಇಟ್ಟುಕೊಂಡ ಪದಾಧಿಕಾರಿಗಳು ನಮಗೆ ಹೊಸಬರಲ್ಲ. ತಾವಿಲ್ಲದಿದ್ದರೆ ಎಲ್ಲವೂ ನಿಂತುಹೋಗುತ್ತದೆ ಎಂಬುದು ಅವರ ಹೆಮ್ಮೆ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಹುಟ್ಟಿತು. ನಾಟಕದ ಬಗ್ಗೆ ನಮ್ಮ ಅಭಿಪ್ರಾಯ ಬೇರೆಯೇ ಇರಬಹುದು, ನಾನಿಲ್ಲಿ ಹೇಳುವುದು ಸಂಸ್ಥೆ ನಡೆಸಿದ ರೀತಿಯನ್ನು ಮಾತ್ರ. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರು ಅಡಿಕೆ ಬೆಳೆಗಾರರು, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. 2005ರಲ್ಲಿ ಅವರು ತೀರಿಕೊಂಡರು. ಹೆಗ್ಗೋಡಿನ ಶಾಲೆ ಅದರ ಮರುವರ್ಷವೂ ನಡೆಯಿತು, ತಿರುಗಾಟದ ತಂಡ ಊರೂರಿಗೆ ಹೊರಟಿತು. ಸ್ಥಾಪಕರ ಜನಾಝದೊಂದಿಗೇ ಬಾಗಿಲು ಮುಚ್ಚಿದ ನಮ್ಮ ಸಂಸ್ಥೆಗಳನ್ನು ಎಣಿಸುತ್ತ ಕೂತರೆ ಬೆರಳು ಸಾಲವು.

ಮಕ್ಕದ ಜನ ಪ್ರವಾದಿಯವರನ್ನು(ಸ) ದ್ವೇಷಿಸುತ್ತಿದ್ದರು, ಆದರೂ ತಮ್ಮ ಬೆಲೆಬಾಳುವ ವಸ್ತುಗಳನ್ನು ಅವರ ಬಳಿಯೇ ಇಡುತ್ತಿದ್ದರು. ಕೊನೆಗೆ ಕೊಲ್ಲಲು ಮನೆ ಸುತ್ತುವರಿದ ರಾತ್ರಿಯೂ ಆ ಅಮಾನತ್ತುಗಳು ಆ ಮನೆಯೊಳಗೇ ಇದ್ದವು. ಪ್ರಾಣ ಉಳಿಸಿಕೊಂಡು ಊರು ಬಿಡುವ ಗಳಿಗೆ ಅದು. ವೈರಿಗಳ ಸೊತ್ತು, ಹೇಗೂ ಹೋಗಲಿ ಎನ್ನಬಹುದಿತ್ತು. ಪ್ರವಾದಿ(ಸ) ತಮ್ಮ ದೊಡ್ಡಪ್ಪನ ಮಗ, ತರುಣ ಅಲಿ(ರ) ಅವರನ್ನು ಹಿಂದೆ ಉಳಿಸಿ, ಇವೆಲ್ಲವನ್ನೂ ಒಡೆಯರಿಗೆ ಮುಟ್ಟಿಸಿ ಬಾ ಎಂದು ಒಪ್ಪಿಸಿ ಹೊರಟರು. ಯಾವುದು ಯಾರದೆಂಬುದರಲ್ಲಿ ಎಳ್ಳಷ್ಟೂ ಗೊಂದಲವಿರಲಿಲ್ಲ, ಇನ್ನೊಬ್ಬರು ನಿಂತು ಹಂಚಬಹುದಾದಷ್ಟು ಸ್ಪಷ್ಟವಾಗಿತ್ತು. ಅಲಿ(ರ) ಮೂರು ದಿನ ಆ ಊರಿನಲ್ಲೇ ಇದ್ದು ಅವರವರ ವಸ್ತುವನ್ನು ಅವರವರ ಕೈಗೆ ಕೊಟ್ಟರು. ಆಮೇಲೆ ಮದೀನಾದ ದಾರಿ ಹಿಡಿದರು.